ಹದಿನಾರನೇ ನಿಮಿಷ

(ಕೋಲಾರದಲ್ಲಿ ಐಟಿಐ ವಿದ್ಯಾರ್ಥಿಗಳು, ವರ್ಕ್‌ಶಾಪ್ ಕೆಲಸಗಾರರು ಮತ್ತು ಮೆಡಿಕಲ್ ಸ್ಟೋರ್ ನಡೆಸುವವರು ಸೇರಿದ್ದ ಸಭೆಯಲ್ಲಿ ಕಣ್ಣಿನ ವೈದ್ಯೆಯೊಬ್ಬರು ಆಡಿದ ಮಾತುಗಳ ಬರಹ ರೂಪ)

ಈ ಬಾಟಲಿ ನೋಡಿ. ಹಿಂದೆ ಕೂತವರಿಗೂ ಕಾಣಲಿ ಅಂತ ಎತ್ತಿ ಹಿಡಿದಿದ್ದೇನೆ. ಹೆಬ್ಬೆರಳಿನಷ್ಟು ಉದ್ದ. ಒಳಗೆ 5 ಎಂಎಲ್, ನೋಡಲು ಬರೀ ನೀರು. ಹೆಸರು ಪ್ರೊಪರಕೇನ್, 0.5 ಪರ್ಸೆಂಟ್. ಒಂದು ಹನಿ ಕಣ್ಣಿಗೆ ಬಿದ್ದರೆ ಮೊದಲು ಸ್ವಲ್ಪ ಚುರ್ ಅನ್ನುತ್ತದೆ. ಆಮೇಲೆ ಮನಸ್ಸಿನಲ್ಲೇ ಮೂವತ್ತು ಎಣಿಸಿ. ಅಷ್ಟರಲ್ಲಿ ಕಣ್ಣಿನ ಮೇಲ್ಭಾಗ ಮರಗಟ್ಟಿರುತ್ತದೆ. ಕಬ್ಬಿಣದ ಚೂರು ಕೂತು ರಾತ್ರಿಯೆಲ್ಲ ಒದ್ದಾಡಿದ ಹುಡುಗ ಆಗ ಮೆಲ್ಲಗೆ ಕಣ್ಣು ಬಿಡುತ್ತಾನೆ. "ಮೇಡಂ, ಹೋಯ್ತು!" ಅನ್ನುತ್ತಾನೆ.

ಹೋಗಿರುವುದಿಲ್ಲ. ಚೂರು ಅಲ್ಲೇ ಇರುತ್ತದೆ. ಹೋಗಿರುವುದು ನೋವು, ಅದೂ 15 ನಿಮಿಷಕ್ಕೆ. ಜಾಸ್ತಿ ಅಂದರೆ 20.

ಆ 15 ನಿಮಿಷದಲ್ಲಿ ನಮ್ಮಂಥ ಡಾಕ್ಟರುಗಳು ಏನು ಮಾಡುತ್ತೇವೆ ಅಂತ ಮೊದಲು ಹೇಳುತ್ತೇನೆ. ಹದಿನಾರನೇ ನಿಮಿಷದಿಂದ ನಿಮ್ಮ ಪಾಡೇನು ಅನ್ನುವುದು ಆಮೇಲೆ. ನಾನು ಬಂದಿರುವುದು ಆ ಎರಡನೆಯದಕ್ಕೆ.

ಕಣ್ಣಿನ ಕರಿಗುಡ್ಡೆಯ ಮೇಲೆ ಗಡಿಯಾರದ ಗಾಜಿನ ಥರ ಒಂದು ಪಾರದರ್ಶಕ ಪದರ ಇದೆ. ಕಾರ್ನಿಯಾ ಅನ್ನುತ್ತೇವೆ. ದಪ್ಪ ಸುಮಾರು ಅರ್ಧ ಮಿಲಿಮೀಟರ್. ಅದರಲ್ಲಿ ರಕ್ತನಾಳವೇ ಇಲ್ಲ, ಇದ್ದಿದ್ದರೆ ಬೆಳಕು ಸರಾಗವಾಗಿ ಒಳಗೆ ಹೋಗುತ್ತಿರಲಿಲ್ಲ. ಆದರೆ ನರದ ತುದಿಗಳು ಮಾತ್ರ ಚರ್ಮಕ್ಕಿಂತ ನೂರಾರು ಪಟ್ಟು ಹೆಚ್ಚು. ಅದಕ್ಕೇ ಅಂಗೈ ಮೇಲೆ ಬಿದ್ದರೆ ಗೊತ್ತೂ ಆಗದ ರಾಗಿ ಸುಂಕು ಕಣ್ಣಿಗೆ ಬಿದ್ದರೆ ಬೈಕ್ ನಿಲ್ಲಿಸಲೇಬೇಕು. ಒಕ್ಕಣೆ ಕಾಲದಲ್ಲಿ ನಮ್ಮ ರಸ್ತೆಗಳಲ್ಲಿ ಓಡಾಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ ಅಲ್ವಾ. ನರದ ಗೋಡೆಯಲ್ಲಿ ಸಣ್ಣ ಸಣ್ಣ ಬಾಗಿಲುಗಳಿವೆ. ಅವುಗಳ ಮೂಲಕ ಸೋಡಿಯಂ ಒಳಗೆ ನುಗ್ಗಿದರೆ ಮಾತ್ರ ನೋವಿನ ಸುದ್ದಿ ಮಿದುಳಿಗೆ ಹೊರಡುತ್ತದೆ. ಈ ಹನಿ ಆ ಬಾಗಿಲು ಹಾಕುತ್ತದೆ. ಅಷ್ಟೇ ಅದರ ಕೆಲಸ.

ಇದು ಬರುವ ಮುಂಚೆ ಏನಿತ್ತು ಅಂತ ಯೋಚಿಸಿ. ಕಣ್ಣಿನ ಆಪರೇಷನ್ ಅಂದರೆ ರೋಗಿಯನ್ನು ನಾಲ್ಕು ಜನ ಹಿಡಿದುಕೊಳ್ಳಬೇಕಿತ್ತು. 1884ರಲ್ಲಿ ವಿಯೆನ್ನಾದಲ್ಲಿ ಕಾರ್ಲ್ ಕೊಲ್ಲರ್ ಅಂತ ಒಬ್ಬ ಹುಡುಗ ಡಾಕ್ಟರು ಇದ್ದರು. ಮನಶ್ಶಾಸ್ತ್ರಕ್ಕೆ ಹೆಸರಾದ ಫ್ರಾಯ್ಡ್ ಅವರ ಸಹೋದ್ಯೋಗಿ. ಫ್ರಾಯ್ಡ್ ಆಗ ಕೊಕೇನ್ ಬಗ್ಗೆ ಕೆಲಸ ಮಾಡುತ್ತಿದ್ದರು. ಅದು ನಾಲಿಗೆಗೆ ತಾಗಿದರೆ ನಾಲಿಗೆ ಜೋಮು ಹಿಡಿಯುತ್ತದೆ ಅಂತ ಎಲ್ಲರಿಗೂ ಗೊತ್ತಿತ್ತು. ಕಣ್ಣಿಗೆ ಹಾಕಿದರೆ ಹೇಗೆ ಅಂತ ಹೊಳೆದದ್ದು ಕೊಲ್ಲರ್‌ಗೆ. ಮೊದಲು ಕಪ್ಪೆಯ ಕಣ್ಣಿಗೆ ಹಾಕಿದರು. ಆಮೇಲೆ ಮೊಲ, ನಾಯಿ. ಕೊನೆಗೆ ತಾವೂ ಜೊತೆಗಿದ್ದ ಇನ್ನೊಬ್ಬ ಡಾಕ್ಟರೂ ಒಬ್ಬರ ಕಣ್ಣಿಗೆ ಒಬ್ಬರು ಹಾಕಿಕೊಂಡರು. ಕನ್ನಡಿ ಮುಂದೆ ನಿಂತು ಗುಂಡುಪಿನ್ನಿನ ತಲೆಯಿಂದ ತಮ್ಮ ಕಣ್ಣುಗುಡ್ಡೆಯನ್ನೇ ಮುಟ್ಟಿ ನೋಡಿಕೊಂಡರು. ಏನೂ ಗೊತ್ತಾಗಲಿಲ್ಲ! ಅದೇ ವರ್ಷ ಸೆಪ್ಟೆಂಬರ್ 15ರಂದು ಜರ್ಮನಿಯ ಹೈಡೆಲ್‌ಬರ್ಗ್‌ನಲ್ಲಿ ಕಣ್ಣಿನ ಡಾಕ್ಟರುಗಳ ಸಭೆ ಇತ್ತು. ಹೋಗಿ ಬರಲು ಕೊಲ್ಲರ್ ಹತ್ತಿರ ದುಡ್ಡಿರಲಿಲ್ಲ. ಅವರ ಬರಹವನ್ನು ಬೇರೊಬ್ಬರು ಅಲ್ಲಿ ಓದಿದರು. ಇವತ್ತು ನಾವು ಹಾಕುವ ಒಂದೊಂದು ಹನಿಯೂ ಆ ಮನುಷ್ಯನ ಋಣ ಅಂತ ನಾನು ಭಾವಿಸುತ್ತೇನೆ.

ಆದರೆ ಆ ಕೊಕೇನೇ ಕಾರ್ನಿಯಾದ ಮೇಲ್ಪದರವನ್ನು ಮಂಜು ಮಾಡಿ ಕೀಳುತ್ತಿತ್ತು. ಚಟದ ಭಯ ಬೇರೆ. ಹಾಗಾಗಿ ಬೇರೆ ಮದ್ದುಗಳು ಬಂದವು. ಟೆಟ್ರಕೇನ್, ಲಿಗ್ನೋಕೇನ್, ಪ್ರೊಪರಕೇನ್. ಕೊಕೇನಿನ ಚಟ ಇವುಗಳಲ್ಲಿಲ್ಲ. ಮೇಲ್ಪದರಕ್ಕೆ ಮಾಡುವ ಕೆಡುಕು ಮಾತ್ರ ಪೂರ್ತಿ ಹೋಗಲೇ ಇಲ್ಲ. ಕಡಿಮೆ ಆಯಿತು, ಅಷ್ಟೇ.

ಈಗ ಇದರಿಂದ ಏನೇನು ಉಪಯೋಗ ನೋಡಿ. ಕಣ್ಣಿನ ಒತ್ತಡ ನೋಡುವಾಗ ಹಳದಿ ಬಣ್ಣದ ಜೊತೆ ಇದನ್ನು ಹಾಕಿ, ನೀಲಿ ಬೆಳಕಿನಲ್ಲಿ ಒಂದು ಸಣ್ಣ ಪಾರದರ್ಶಕ ತುದಿಯನ್ನು ನೇರವಾಗಿ ಕಾರ್ನಿಯಾಕ್ಕೇ ತಾಗಿಸುತ್ತೇವೆ. ಕಣ್ಣಿನ ನರವನ್ನು ಮೆಲ್ಲಗೆ ಕೆಡಿಸುವ ಗ್ಲಾಕೋಮಾ ಕಾಯಿಲೆ ಇದೆಯಾ ಅಂತ ಹಿಡಿಯಲು ಅದು ಬೇಕೇ ಬೇಕು. ಹೊಲಿಗೆ ಬಿಚ್ಚಲು, ಕಣ್ಣೀರಿನ ನಾಳ ತೊಳೆಯಲು, ಸಕ್ಕರೆ ಕಾಯಿಲೆಯವರ ಕಣ್ಣಿನೊಳಗೆ ಇಂಜೆಕ್ಷನ್ ಕೊಡಲು, ಕನ್ನಡಕ ಬಿಡಿಸುವ ಲೇಸರ್‌ಗೆ, ಎಲ್ಲಕ್ಕೂ ಇದು ಬೇಕು. ಪೊರೆಯ ಆಪರೇಷನ್ನನ್ನೇ ತೆಗೆದುಕೊಳ್ಳಿ. ನಿಮ್ಮ ಮನೆಯಲ್ಲಿ ಅಜ್ಜ ಅಜ್ಜಿ ಇದ್ದರೆ ಡಾಕ್ಟರ್ ಎಂ.ಸಿ. ಮೋದಿ ಅವರ ಕಣ್ಣಿನ ಶಿಬಿರಗಳ ಬಗ್ಗೆ ಕೇಳಿ. ಆ ಕಾಲದಲ್ಲಿ ಪೊರೆ ತೆಗೆಯುವುದು ಅಂದರೆ ಕಣ್ಣಿನ ಪಕ್ಕ ಸೂಜಿ ಹಾಕುವುದು ಮಾಮೂಲು. ಈಗ ಎಷ್ಟೋ ಜನಕ್ಕೆ ಬರೀ ಹನಿ ಹಾಕಿಯೇ ಪೊರೆ ತೆಗೆಯುತ್ತೇವೆ. ರೋಗಿ ಎಚ್ಚರವಾಗಿರುತ್ತಾರೆ, ಮಾತಾಡುತ್ತಾರೆ, ಬೆಳಕು ನೋಡುತ್ತಾ ಮಲಗಿರುತ್ತಾರೆ.

ಇನ್ನೊಂದು ಉಪಯೋಗ ಇದೆ, ಎಲೆ ಅಡಿಕೆಯ ಸುಣ್ಣದ್ದು. ಮಕ್ಕಳು ಸುಣ್ಣದ ಪೊಟ್ಟಣವನ್ನು ಹಿಸುಕಿ ಆಡುತ್ತವೆ. ಅದು ಪಿಚಕ್ ಅಂತ ಒಡೆದು ಕಣ್ಣಿಗೇ ಹಾರುತ್ತದೆ. ಸುಣ್ಣ ಕಣ್ಣನ್ನು ಒಳಒಳಗೇ ಸುಡುತ್ತಾ ಹೋಗುತ್ತದೆ. ಮಗು ರೆಪ್ಪೆ ಬಿಗಿಹಿಡಿದು ಚೀರುತ್ತಿರುತ್ತದೆ. ಒಂದು ಹನಿ ಇದನ್ನು ಹಾಕಿದರೆ ರೆಪ್ಪೆ ಸಡಿಲ ಆಗುತ್ತದೆ. ಆಗ ಮೇಲಿನ ರೆಪ್ಪೆಯನ್ನು ಮಗುಚಿ, ಸಂದಿಯಲ್ಲಿ ಕೂತ ಸುಣ್ಣದ ಕಣಗಳನ್ನು ತೆಗೆದು, ಬಾಟಲಿಗಟ್ಟಲೆ ಸಲೈನ್ ಹಾಕಿ ತೊಳೆಯಬಹುದು. ಮನೆಯಲ್ಲಿ ಹೀಗಾದರೆ ಹನಿ ಹುಡುಕಿಕೊಂಡು ಹೋಗಬೇಡಿ. ಕೊಳಾಯಿ ಕೆಳಗೆ ಹಿಡಿಯಿರಿ, ಆ ಕ್ಷಣವೇ. ತುಂಬ ಹೊತ್ತು ತೊಳೆಯಿರಿ, ಆಮೇಲೆ ಆಸ್ಪತ್ರೆಗೆ ಹೊರಡಿ. ಪೊಟ್ಟಣ ಮಕ್ಕಳ ಕೈಗೆ ಸಿಗದ ಹಾಗೆ ಇಡಿ. ವಿಷಯ ಬಿಟ್ಟು ಹೋದೆ ಅನ್ನಿಸಬಹುದು. ಆದರೂ ಹೇಳದೆ ಇರಲಾರೆ.

ಕಾಯಿಲೆ ಗುರುತಿಸಲೂ ಈ ಹನಿ ನಮಗೆ ಸಹಾಯ ಮಾಡುತ್ತದೆ. ಹಾಕಿದ ಕೂಡಲೇ ನೋವು ನಿಂತರೆ ತೊಂದರೆ ಮೇಲ್ಪದರದ್ದು ಅಂತ ಅರ್ಥ. ನಿಲ್ಲದಿದ್ದರೆ ಒಳಗೆ ಏನೋ ಇದೆ ಅಂತ ಹುಡುಕುತ್ತೇವೆ. ಉಳಿ ಮೇಲೆ ಸುತ್ತಿಗೆ ಹೊಡೆಯುವವರು ಇಲ್ಲಿ ಎಷ್ಟು ಜನ ಇದ್ದೀರಿ? ನೀವು ಸ್ವಲ್ಪ ಜಾಸ್ತಿ ಹುಷಾರಾಗಿರಬೇಕು. ಉಕ್ಕಿನ ಮೇಲೆ ಉಕ್ಕು ಬಿದ್ದಾಗ ಹಾರುವ ಚೂರು ಕಣ್ಣನ್ನು ತೂರಿಕೊಂಡು ಒಳಗೇ ಹೋಗಿಬಿಡಬಹುದು. ಅಂಥದ್ದರಲ್ಲಿ ನೋವು ಒಮ್ಮೊಮ್ಮೆ ಕಡಿಮೆಯೇ ಇರುತ್ತದೆ. ನೋವಿಲ್ಲ ಅಂತ ಸುಮ್ನೆ ಇರಬೇಡಿ.

ಸರಿ, ಈಗ ಹದಿನಾರನೇ ನಿಮಿಷಕ್ಕೆ ಬರೋಣ.

ಮಾಲೂರು ಕಡೆಯ ಒಬ್ಬ ಹುಡುಗ. ವಯಸ್ಸು 24. ಗೇಟು, ಗ್ರಿಲ್ ಮಾಡುವ ಶೆಡ್‌ನಲ್ಲಿ ಗ್ರೈಂಡಿಂಗ್ ಕೆಲಸ. ಕಣ್ಣಿಗೆ ಕಿಡಿ ಬಿತ್ತು. ಮಾರನೇ ದಿನ ಯಾವುದೋ ಕ್ಲಿನಿಕ್ಕಿಗೆ ಹೋದ. ಅಲ್ಲಿ ಹನಿ ಹಾಕಿ, ಸೂಜಿ ತುದಿಯಿಂದ ಚೂರು ತೆಗೆದರು. ಕೆಲಸ ಸರಿಯಾಗಿಯೇ ಮಾಡಿದ್ದರು. ಆ್ಯಂಟಿಬಯೋಟಿಕ್ ಹನಿ ಬರೆದುಕೊಟ್ಟರು. ನೋವಿನ ಬಗ್ಗೆ ಒಂದು ಮಾತೂ ಹೇಳಲಿಲ್ಲ. ಇವನು ಬಸ್ ಹತ್ತಿದ. ಬಸ್ ಊರು ದಾಟುವ ಹೊತ್ತಿಗೆ ಮದ್ದಿನ ಪ್ರಭಾವ ಇಳಿಯಿತು. ಚೂರು ಇದ್ದ ಜಾಗ ಈಗ ಹಸಿ ಗಾಯ. ಬೆಳಿಗ್ಗೆಗಿಂತ ಜಾಸ್ತಿ ನೋವು. ಕಣ್ಣಲ್ಲಿ ಮರಳು ಹಾಕಿ ಉಜ್ಜಿದ ಹಾಗೆ ಇತ್ತು ಅಂತ ಆಮೇಲೆ ಹೇಳಿದ.

ಟೇಬಲ್ ಮೇಲೆ ಆ ಬಾಟಲಿ ಇತ್ತಲ್ಲ, ಹಾಕಿದ ತಕ್ಷಣ ಸ್ವರ್ಗ ತೋರಿಸಿದ್ದು? ಅದರ ಹೆಸರನ್ನು ಇವನು ನೋಡಿಕೊಂಡಿದ್ದ. ಗೆಳೆಯ ಒಂದು ಅಂಗಡಿಗೆ ಹೋಗಿ ಆ ಹೆಸರು ಹೇಳಿದ. ಚೀಟಿ ಇಲ್ಲದೆಯೇ ಕೊಟ್ಟರು.

ಮೊದಲ ದಿನ ಗಂಟೆಗೊಮ್ಮೆ ಹಾಕಿಕೊಂಡ. ಮೂರನೇ ದಿನದ ಹೊತ್ತಿಗೆ 10 ನಿಮಿಷಕ್ಕೊಮ್ಮೆ. ರಾತ್ರಿ ಬಾಟಲಿ ಕೈಯಲ್ಲೇ ಹಿಡಿದು ಮಲಗುತ್ತಿದ್ದ. ನನ್ನ ಹತ್ತಿರ ಬಂದದ್ದು ಒಂಬತ್ತನೇ ದಿನ, ತಾಯಿಯ ಕೈ ಹಿಡಿದುಕೊಂಡು. ಕರಿಗುಡ್ಡೆಯ ಮೇಲೆ ಬಿಳಿ ಬಳೆಯ ಥರ ಒಂದು ವೃತ್ತ. ಮಧ್ಯೆ ಮೇಲ್ಪದರವೇ ಇಲ್ಲ. ಕಣ್ಣ ಮುಂದೆ ಕೈ ಆಡಿಸಿದರೆ ಆಡುತ್ತಿದೆ ಅನ್ನುವುದಷ್ಟೇ ಅವನಿಗೆ ಗೊತ್ತಾಗುತ್ತಿತ್ತು.

ಏನಾಗಿತ್ತು ಅಂತ ಬಿಡಿಸಿ ಹೇಳುತ್ತೇನೆ. ಕಾರ್ನಿಯಾ ಮೇಲೆ ಗೀರು ಬಿದ್ದರೆ ಸುತ್ತಲಿನ ಜೀವಕೋಶಗಳು ತೆವಳಿಕೊಂಡು ಬಂದು ಆ ಜಾಗ ಮುಚ್ಚುತ್ತವೆ. ಸಾಮಾನ್ಯ ಗೀರು ಒಂದರಿಂದ ಮೂರು ದಿನದಲ್ಲಿ ಮುಚ್ಚಿಹೋಗುತ್ತದೆ. ನೀವು ಏನೂ ಮಾಡಬೇಕಾಗಿಲ್ಲ. ಈ ಮದ್ದು ಮತ್ತೆ ಮತ್ತೆ ಬಿದ್ದರೆ ಆ ತೆವಳಾಟ ನಿಲ್ಲುತ್ತದೆ. ಹೊಸ ಕೋಶ ಹುಟ್ಟುವುದೂ ನಿಲ್ಲುತ್ತದೆ. ಮರಗಟ್ಟಿದ ಕಣ್ಣು ರೆಪ್ಪೆ ಬಡಿಯುವುದನ್ನು ಕಡಿಮೆ ಮಾಡುತ್ತದೆ, ನೀರೂ ಕಡಿಮೆ ಸುರಿಸುತ್ತದೆ. ಕಣ್ಣು ಒಣಗುತ್ತದೆ. ಬಾಟಲಿಯಲ್ಲಿ ಹುಳು ಹಿಡಿಯದಿರಲಿ ಅಂತ ಹಾಕಿದ ಕೆಮಿಕಲ್ ಇರುತ್ತದಲ್ಲ, ಅದೂ ಮೇಲ್ಪದರವನ್ನು ತಿನ್ನುತ್ತದೆ. ಗಾಯ ದೊಡ್ಡದಾಗುತ್ತದೆ. ಗಾಯ ದೊಡ್ಡದಾದರೆ ನೋವು ಜಾಸ್ತಿ. ನೋವು ಜಾಸ್ತಿಯಾದರೆ ಹನಿ ಜಾಸ್ತಿ. ಹೀಗೇ ಸುತ್ತುತ್ತಾ ಹೋಗಿ ಕೊನೆಗೆ ಕಾರ್ನಿಯಾ ಕರಗಿ ತೂತು ಬೀಳುವುದೂ ಉಂಟು.

ಡಾಕ್ಟರಿಗೂ ಇದು ಸುಲಭಕ್ಕೆ ಗೊತ್ತಾಗುವುದಿಲ್ಲ. ಆ ಬಿಳಿ ಬಳೆ ಅಕಾಂತಮೀಬ ಅನ್ನುವ ಕ್ರಿಮಿಯ ಸೋಂಕಿನಲ್ಲೂ ಬರುತ್ತದೆ. ನಾನು ಅದೇ ಇರಬಹುದು ಅಂದುಕೊಂಡು ಪರೀಕ್ಷೆಗೆ ಕಳಿಸಿ, ಅಡ್ಮಿಟ್ ಮಾಡಿಸಿದೆ. ಬೇರೆ ಏನಾದರೂ ಹಾಕಿಕೊಂಡೆಯಾ ಅಂತ ಕೇಳಿದಾಗ ಇಲ್ಲ ಅಂದಿದ್ದ. ಮೂರು ದಿನವಾದರೂ ಗಾಯ ಒಂದು ಕೂದಲೆಳೆಯಷ್ಟೂ ಚಿಕ್ಕದಾಗಲಿಲ್ಲ. ಅವನು ಪದೇ ಪದೇ ಬಾತ್‌ರೂಮಿಗೆ ಹೋಗುತ್ತಿದ್ದ. ಬರುವಾಗ ಮುಖ ಸಮಾಧಾನವಾಗಿರುತ್ತಿತ್ತು. ಅದನ್ನು ಗಮನಿಸಿದ್ದು ನಾನಲ್ಲ, ವಾರ್ಡಿನ ಸಿಸ್ಟರ್. ನಾಲ್ಕನೇ ದಿನ ಹಾಸಿಗೆ ಬದಲಿಸುವಾಗ ದಿಂಬಿನ ಕವರಿನೊಳಗೆ ಬಾಟಲಿ ಸಿಕ್ಕಿತು. ಅದು ಅವನ ಮೊದಲ ಬಾಟಲಿ ಆಗಿರಲಿಲ್ಲ.

ನನಗೆ ಸಿಟ್ಟು ಬಂತು. ಗದರಿಸಿದೆ. ಅವನ ತಾಯಿ ಬಾಗಿಲಲ್ಲಿ ನಿಂತಿದ್ದರು. "ಡಾಕ್ಟ್ರಮ್ಮ, ಬೈಬೇಡಿ. ಅವನಿಗೆ ತಡ್ಕೊಳೋಕ್ ಆಗ್ತಿಲ್ಲ. ನೋವಿಗೆ ಅಂತ ನೀವಾದ್ರೂ ಏನಾದ್ರೂ ಕೊಡಿ" ಅಂದರು.

ಕೇಸ್ ಶೀಟ್ ತೆಗೆದು ನೋಡಿದೆ. ಆ್ಯಂಟಿಬಯೋಟಿಕ್ ಇತ್ತು, ಕ್ರಿಮಿಗೆ ಮದ್ದು ಇತ್ತು, ಲೂಬ್ರಿಕೆಂಟ್ ಹನಿ ಇತ್ತು. ನೋವಿನ ಮಾತ್ರೆಯನ್ನು ನಾನೂ ಬರೆದಿರಲಿಲ್ಲ.

ಅವತ್ತಿನಿಂದ ನಾನು ಕೆಲಸ ಮಾಡುವ ರೀತಿ ಬದಲಾಯಿತು. ಮೆಡಿಕಲ್ ಸ್ಟೋರಿನವರ ಮೇಲೆ ತಪ್ಪು ಹಾಕಿ ಕೈತೊಳೆದುಕೊಳ್ಳಲು ನಾನು ಇಲ್ಲಿ ಬಂದಿಲ್ಲ. ಚೀಟಿ ಇಲ್ಲದೆ ಈ ಬಾಟಲಿ ಕೊಡಬೇಡಿ ಅಂತ ನಿಮ್ಮನ್ನು ಕೇಳಿಕೊಳ್ಳುತ್ತೇನೆ. ನಮ್ಮ ಕ್ಲಿನಿಕ್ಕಿನಿಂದಲೇ ಬಂದೆ ಅಂತ ಯಾರಾದರೂ ಹೇಳಿದರೆ ಫೋನ್ ಮಾಡಿ ಕೇಳಿ. ಆದರೆ ಅದಕ್ಕಿಂತ ಮುಂಚಿನ ತಪ್ಪು ಡಾಕ್ಟರುಗಳದ್ದು. ನೋವು ಮಾಯ ಮಾಡಿ ತೋರಿಸಿ, ಅದು ವಾಪಸ್ ಬರುತ್ತದೆ ಅಂತ ಹೇಳದೆ, ಆ ರಾತ್ರಿಗೆ ಏನೂ ಕೊಡದೆ ಮನೆಗೆ ಕಳಿಸಿದರೆ, ಮನುಷ್ಯ ಆದವನು ಆ ಬಾಟಲಿಯನ್ನು ಹುಡುಕಿಕೊಂಡೇ ಹೋಗುತ್ತಾನೆ.

ಈಗ ನಾನು ಚೂರು ತೆಗೆದ ಮೇಲೆ ರೋಗಿಯನ್ನು ಎದುರಿಗೆ ಕೂರಿಸಿಕೊಂಡು ಹೇಳುತ್ತೇನೆ: "ನೋಡಪ್ಪಾ, ಇನ್ನು ಸ್ವಲ್ಪ ಹೊತ್ತಿಗೆ ನೋವು ಶುರುವಾಗುತ್ತೆ. ಇವತ್ತು ರಾತ್ರಿ ಜಾಸ್ತಿ ಇರುತ್ತೆ. ನಾಳೆ ಅರ್ಧ ಆಗುತ್ತೆ." ಹೊರಡುವ ಮೊದಲೇ ಒಂದು ಮಾತ್ರೆ ನುಂಗಿಸುತ್ತೇನೆ. ಪ್ಯಾರಾಸಿಟಮಾಲ್, ಅಥವಾ ಹೊಟ್ಟೆಹುಣ್ಣು, ಕಿಡ್ನಿ ತೊಂದರೆ, ಆಸ್ತಮಾ ಇಲ್ಲದವರಿಗೆ ಐಬುಪ್ರೊಫೆನ್, ಊಟ ಆದ ಮೇಲೆ. ಕಣ್ಣಿನೊಳಗಿನ ಸ್ನಾಯು ಬಿಗಿಹಿಡಿದು ನೋಯುತ್ತಿದ್ದರೆ ಅದನ್ನು ಸಡಿಲಿಸುವ ಹನಿ. ರಾತ್ರಿಗೆ ಮುಲಾಮು. ಗೀರು ದೊಡ್ಡದಿದ್ದು ಸೋಂಕಿನ ಭಯ ಇಲ್ಲದಿದ್ದರೆ ಮೇಲೆ ಒಂದು ಮೆತ್ತನೆಯ ಕಾಂಟ್ಯಾಕ್ಟ್ ಲೆನ್ಸ್ ಕೂರಿಸುತ್ತೇನೆ. ರೆಪ್ಪೆ ಉಜ್ಜುವುದು ತಪ್ಪಿದರೆ ಅರ್ಧ ನೋವು ಅಲ್ಲೇ ಹೋಗುತ್ತದೆ. ಮಾರನೇ ದಿನ ಬಂದು ತೋರಿಸಲೇಬೇಕು.

ಆ ಹುಡುಗನ ಕಥೆ ಅರ್ಧಕ್ಕೆ ಬಿಟ್ಟೆ. ಬಾಟಲಿ ನಿಲ್ಲಿಸಿ, ನೋವಿಗೆ ಸರಿಯಾಗಿ ಮದ್ದು ಕೊಟ್ಟ ಮೇಲೆ ಗಾಯ ಮುಚ್ಚಲು ಮೂರು ವಾರ ಬೇಕಾಯಿತು. ಕಲೆ ಉಳಿಯಿತು. 6 ಮೀಟರ್ ದೂರ ನಿಂತು ಅವನು ಆ ಕಣ್ಣಲ್ಲಿ ಓದುವ ಅಕ್ಷರವನ್ನು ನೀವು 36 ಮೀಟರ್ ದೂರದಿಂದ ಓದಬಲ್ಲಿರಿ. ಲಾರಿ ಓಡಿಸಬೇಕು ಅಂತ ಲೈಸೆನ್ಸಿಗೆ ದುಡ್ಡು ಕೂಡಿಡುತ್ತಿದ್ದವನು. ಮುಂದೆ ಕಾರ್ನಿಯಾ ಕಸಿ ಮಾಡಿಸಬಹುದು. ಅದಕ್ಕೆ ಯಾರಾದರೂ ಸತ್ತ ಮೇಲೆ ಕಣ್ಣು ಕೊಟ್ಟಿರಬೇಕು. 2006ರಲ್ಲಿ ಡಾ. ರಾಜ್‌ಕುಮಾರ್ ಕೊಟ್ಟರು. 2021ರಲ್ಲಿ ಪುನೀತ್ ಕೊಟ್ಟಾಗ ಅವರ ಎರಡು ಕಾರ್ನಿಯಾಗಳನ್ನು ಪದರ ಬಿಡಿಸಿ ನಾಲ್ಕು ಜನಕ್ಕೆ ಹಾಕಿದರು. ನಿಮ್ಮ ಮನೆಯಲ್ಲೂ ಈ ಮಾತು ಎತ್ತಿ.

ಒಂದು ಚರ್ಚೆಯನ್ನು ನಿಮ್ಮಿಂದ ಮುಚ್ಚಿಡುವುದು ಸರಿಯಲ್ಲ. ಮನೆಗೆ ಈ ಹನಿ ಕೊಡಲೇಬಾರದು ಅಂತ ನಾವೆಲ್ಲ ಓದಿಕೊಂಡು ಬಂದವರು. ಆದರೆ ಅಮೆರಿಕದ ತುರ್ತು ಚಿಕಿತ್ಸಾ ವೈದ್ಯರ ಸಂಘ 2024ರಲ್ಲಿ ಬೇರೆ ಮಾತು ಹೇಳಿದೆ. ಸರಳವಾದ ಗೀರು ಮಾತ್ರ ಆಗಿದ್ದರೆ ಮೊದಲ 24 ಗಂಟೆಗೆ ಕೊಡಬಹುದು. ಕೊಡುವುದು ಒಟ್ಟು 2 ಎಂಎಲ್ ದಾಟಬಾರದು. ಉಳಿದದ್ದನ್ನು ಎಸೆಯಬೇಕು. ಅವರೂ ರೋಗಿಯ ನೋವನ್ನು ನೋಡಿಯೇ ಈ ಮಾತು ಹೇಳಿರುವುದು, ಅದನ್ನು ನಾನು ಗೌರವಿಸುತ್ತೇನೆ. ಆದರೂ ನನ್ನ ರೋಗಿಗಳಿಗೆ ನಾನು ಕೊಡುವುದಿಲ್ಲ. ಇಲ್ಲಿ ಅಂಗಡಿಯಲ್ಲಿ ಸಿಗುವುದು 5 ಎಂಎಲ್ ಬಾಟಲಿ. 24 ಗಂಟೆ ಆದಮೇಲೆ ಅದನ್ನು ಎಸೆಯುವವರು ಕಡಿಮೆ. ನಮ್ಮ ಕಡೆಯ ಗಾಯ ಎಷ್ಟೋ ಸಲ ರಾಗಿ ಸುಂಕಿನದ್ದು, ಟೊಮೆಟೊ ಕಡ್ಡಿಯದ್ದು, ಹಿಪ್ಪುನೇರಳೆ ರೆಂಬೆಯದ್ದು. ಗಿಡದಿಂದ ಆದ ಗಾಯಕ್ಕೆ ಫಂಗಸ್ ಹತ್ತುತ್ತದೆ. ಮರಗಟ್ಟಿದ ಕಣ್ಣಲ್ಲಿ ಅದು ಬೆಳೆಯುತ್ತಾ ಹೋದರೂ ಗೊತ್ತಾಗುವುದಿಲ್ಲ. ಚೀಟಿ ಇಲ್ಲದೆ ಸ್ಟೀರಾಯ್ಡ್ ಹನಿ ಬೇರೆ ಹಾಕಿಕೊಂಡರಂತೂ ಕಣ್ಣು ಉಳಿಯುವುದೇ ಕಷ್ಟ.

ಒಂದೇ ಒಂದು ಹನಿಗೂ ಎಚ್ಚರ ಬೇಕು. ಒತ್ತಡ ನೋಡಿಸಿಕೊಳ್ಳಲು ಬಂದಿದ್ದ ಒಬ್ಬ ಅಜ್ಜಿ, ಹೊರಗೆ ಬೆಂಚಿನ ಮೇಲೆ ಕೂತು ಸೆರಗಿನಿಂದ ಕಣ್ಣನ್ನು ಗಸಗಸ ಉಜ್ಜಿಕೊಂಡರು. ಮರಗಟ್ಟಿದ ಕಣ್ಣಿಗೆ ಎಷ್ಟು ಉಜ್ಜಿದೆ ಅಂತ ಗೊತ್ತಾಗುವುದಿಲ್ಲ. ಮಧ್ಯಾಹ್ನಕ್ಕೆ ಕಣ್ಣು ಕೆಂಪಾಗಿ ವಾಪಸ್ ಬಂದರು. ಹಳದಿ ಬಣ್ಣ ಹಾಕಿ ನೀಲಿ ಬೆಳಕಲ್ಲಿ ನೋಡಿದರೆ ಸೆರಗಿನ ಜರಿ ಎಳೆದ ಗೀರು ಹಸಿರಾಗಿ ಹೊಳೆಯುತ್ತಿತ್ತು. ಹನಿ ಹಾಕಿದ ಮೇಲೆ ಅರ್ಧ ಗಂಟೆ ಕಣ್ಣು ಮುಟ್ಟಬೇಡಿ. ಕಾಂಟ್ಯಾಕ್ಟ್ ಲೆನ್ಸ್ ಹಾಕಬೇಡಿ. ಗಾಳಿಗೆ, ಧೂಳಿಗೆ ಬೈಕ್ ಹತ್ತಬೇಡಿ.

ಹುಡುಗರು ಕೇಳಿದ ಪ್ರಶ್ನೆ ಇದೆ: ವೆಲ್ಡಿಂಗ್ ಹೊಡೆದರೆ ಏನು ಮಾಡೋದು? ಸಂಜೆ ಕೆಲಸ ಮುಗಿಸಿ ಚೆನ್ನಾಗಿಯೇ ಇರುತ್ತೀರಿ. ನಡುರಾತ್ರಿ ಎರಡೂ ಕಣ್ಣು ಉರಿದು ಏಳುತ್ತೀರಿ. ಅದು ವೆಲ್ಡಿಂಗ್ ಬೆಳಕಿನಲ್ಲಿರುವ ಅಲ್ಟ್ರಾವಯಲೆಟ್ ಕಿರಣ ಮೇಲ್ಪದರವನ್ನು ಸುಟ್ಟಿರುವುದು. ಸುಟ್ಟ ಮೇಲೆ ನೋವು ಬರಲು ಆರರಿಂದ ಹನ್ನೆರಡು ಗಂಟೆ ಹಿಡಿಯುತ್ತದೆ. ಸಾಮಾನ್ಯವಾಗಿ ಒಂದೆರಡು ದಿನದಲ್ಲಿ ತಾನೇ ವಾಸಿಯಾಗುತ್ತದೆ. ದೀಪ ಆರಿಸಿ. ಮುಚ್ಚಿದ ರೆಪ್ಪೆ ಮೇಲೆ ತಣ್ಣೀರ ಬಟ್ಟೆ ಇಡಿ. ಪ್ಯಾರಾಸಿಟಮಾಲ್ ನುಂಗಿ. ಆಲೂಗಡ್ಡೆ, ಎದೆಹಾಲು, ಹರಳೆಣ್ಣೆ, ಯಾವುದೂ ಕಣ್ಣೊಳಗೆ ಬೇಡ. ಬೆಳಿಗ್ಗೆ ಬಂದು ತೋರಿಸಿ. ಮಾಸ್ಕ್ ಹಾಕಿದವರಿಗೆ ಈ ರಾತ್ರಿ ಬರುವುದೇ ಇಲ್ಲ. ಶೆಡ್ ಮಾಲೀಕರು ಇಲ್ಲಿ ಇದ್ದರೆ ಕೇಳಿಸಿಕೊಳ್ಳಿ, ಗ್ರೈಂಡಿಂಗ್ ಕನ್ನಡಕ ಕೊಡಿಸಬೇಕಾದವರು ನೀವು.

ಎಡಗಡೆ ಗೋಡೆ ಪಕ್ಕ ಕೂತಿರುವ ತಮ್ಮ ಒಂದು ಚೀಟಿ ಕಳಿಸಿದ್ದಾನೆ. "ನನ್ನ ಟೂಲ್ ಬಾಕ್ಸಲ್ಲಿ ಒಂದು ಬಾಟಲಿ ಇದೆ. ನಾಲ್ಕು ತಿಂಗಳಿಂದ ಆಗಾಗ ಹಾಕ್ತೀನಿ. ಈಗ ಚಹಾ ಬಣ್ಣಕ್ಕೆ ತಿರುಗಿದೆ. ಹಾಕಬಹುದಾ?" ಬೇಡ ತಮ್ಮ. ತೆರೆಯದ ಬಾಟಲಿಯನ್ನೂ ಫ್ರಿಜ್ಜಿನಲ್ಲಿ ಇಡಬೇಕಾದ ಮದ್ದು ಇದು. ಬಣ್ಣ ತಿರುಗಿದರೆ ಕೆಟ್ಟಿದೆ ಅಂತಲೇ ಅರ್ಥ. ನೀನು ಹೇಳಿದ್ದು ಒಳ್ಳೆಯದಾಯಿತು, ಇದಕ್ಕೆ ಯಾರೂ ನಿನ್ನನ್ನು ಬೈಯುವುದಿಲ್ಲ. ಬಾಟಲಿ ಇಲ್ಲಿ ಟೇಬಲ್ ಮೇಲೆ ಇಡು. ಎಲ್ಲರೂ ಹೋದ ಮೇಲೆ ಹತ್ತು ನಿಮಿಷ ಇರು. ನೀಲಿ ಟಾರ್ಚ್ ಮತ್ತು ಹಳದಿ ಸ್ಟ್ರಿಪ್ ಬ್ಯಾಗಿನಲ್ಲೇ ಇದೆ, ಎರಡೂ ಕಣ್ಣು ನೋಡಿ ಕಳಿಸುತ್ತೇನೆ.